ಘಾರಾಪುರಿಯಿಂದ ಗೇಟ್‌ವೇಗೆ: ಕಡಲಿನ ದೂರದ ಈಜಿಗೆ ತಯಾರಾಗುವ ಬಗೆ

ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಬಳಿ ನಿಂತು ಈಶಾನ್ಯದ ಕಡೆ ನೋಡಿದರೆ ಲಂಗರು ಹಾಕಿದ ಹಡಗುಗಳ ಹಿಂದೆ ಮಸುಕಾಗಿ ಕಾಣುವ ಜೋಡಿ ಗುಡ್ಡವೇ ಎಲಿಫೆಂಟಾ ದ್ವೀಪ. ಇಲ್ಲಿಯವರು ಅದನ್ನು ಘಾರಾಪುರಿ ಎಂದು ಕರೆಯುತ್ತಾರೆ. ಪ್ರವಾಸಿಗರ ಲಾಂಚು ಸುಮಾರು ಒಂದು ಗಂಟೆಯಲ್ಲಿ ಕ್ರಮಿಸುವ ಈ ದಾರಿಯನ್ನು ಈಜುಗಾರರು ಸುಮಾರು 14 ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ. ತೆರೆದ ನೀರಿನಲ್ಲಿ 10 ಕಿ.ಮೀ. ಮತ್ತು ಅದಕ್ಕೂ ಮೀರಿದ ಈಜಿಗೆ ಮ್ಯಾರಥಾನ್ ಈಜು ಎಂಬ ಹೆಸರಿದ್ದು, 10 ಕಿ.ಮೀ. ಈಜು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಮುಂಬಯಿಯ ಈಜುಗಾರರ ದೊಡ್ಡ ಕನಸಾದ ಧರಮ್‌ತರ್–ಗೇಟ್‌ವೇ ದಾರಿ ಸುಮಾರು 36 ಕಿ.ಮೀ. ಇದೆ. ಅದಕ್ಕೆ ಹೋಗುವ ಮೊದಲು ಘಾರಾಪುರಿಯ ದಾರಿಯನ್ನು ಈಜಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚೆಂಬೂರು, ಡೊಂಬಿವಲಿ, ಠಾಣೆ, ಪುಣೆಗಳಲ್ಲಿ ಕೆಲಸ ಮಾಡಿಕೊಂಡು, ಬೆಳಗಿನ ಹೊತ್ತು ಈಜುಕೊಳಕ್ಕೆ ಹೋಗಿಬರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೊಳದಲ್ಲಿ ನಿಲ್ಲದೆ 2 ಕಿ.ಮೀ. ಫ್ರೀಸ್ಟೈಲ್ ಈಜಲು ಬರುವವರು ಜೂನ್‌ನಲ್ಲಿ ಆರಂಭಿಸಿದರೆ ಜನವರಿಯ ಹೊತ್ತಿಗೆ ಈ ದಾರಿಗೆ ಸಿದ್ಧರಾಗಬಹುದು. ಅಷ್ಟು ಈಜಲು ಬಾರದವರು ಮೊದಲ ವರ್ಷವನ್ನು ಅದಕ್ಕಾಗಿಯೇ ಕೊಡುವುದು ಒಳ್ಳೆಯದು. ತಯಾರಿಗೆ ಮೊದಲು ವೈದ್ಯರಲ್ಲಿ ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು. ನಲವತ್ತು ದಾಟಿದವರು ಇದನ್ನು ಮುಂದೂಡಲೇಬಾರದು.

ಕಿಲೋಮೀಟರಿನ ಲೆಕ್ಕವಲ್ಲ, ಗಂಟೆಯ ಲೆಕ್ಕ

ಕೊಳದಲ್ಲಿ ಕಲಿತವರು ದೂರವನ್ನು ಎಣಿಸುತ್ತಾರೆ. ಕಡಲಿಗೆ ಇಳಿಯುವವರು ಎಣಿಸಬೇಕಾದುದು ಗಂಟೆಗಳನ್ನು, ಏಕೆಂದರೆ ಕಡಲಿನಲ್ಲಿ ದೂರವನ್ನು ತೀರ್ಮಾನಿಸುವುದು ನಮ್ಮ ತೋಳಿಗಿಂತ ಹೆಚ್ಚಾಗಿ ಉಬ್ಬರ ಮತ್ತು ಇಳಿತ. ಹವ್ಯಾಸಿ ಈಜುಗಾರರ ವೇಗ ಗಂಟೆಗೆ ಎರಡೂವರೆಯಿಂದ ಮೂರು ಕಿ.ಮೀ. ಇರುತ್ತದೆ, ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿ ಬಂದರಿನ ನೀರಿನ ಸೆಳೆತವೂ ಅಷ್ಟೇ ವೇಗ ಪಡೆಯಬಲ್ಲದು. ನನ್ನ ಮೊದಲ ವರ್ಷದ ಅಭ್ಯಾಸದಲ್ಲಿ ಒಮ್ಮೆ ಸಮಯದ ಲೆಕ್ಕ ತಪ್ಪಿ, ಗೇಟ್‌ವೇಗೆ ಇನ್ನೇನು ಒಂದೂವರೆ ಕಿ.ಮೀ. ಇರುವಾಗ ನೀರು ತಿರುಗಿತು. ಅನಂತರ ನಲವತ್ತು ನಿಮಿಷ ಕೈ ಬೀಸಿದರೂ ತಾಜ್ ಹೋಟೆಲಿನ ಗುಮ್ಮಟ ಒಂದಿಷ್ಟೂ ದೊಡ್ಡದಾಗಲಿಲ್ಲ. ಅಂದು ನನ್ನ ಗಡಿಯಾರ ತೋರಿಸಿದ ದೂರಕ್ಕೆ ಯಾವ ಅರ್ಥವೂ ಇರಲಿಲ್ಲ. ಆದರೆ ನಾಲ್ಕು ಗಂಟೆ ಹತ್ತು ನಿಮಿಷ ಭುಜಗಳು ಕೆಲಸ ಮಾಡಿದ್ದವು ಎಂಬುದು ನಿಜವಾದ ಲೆಕ್ಕವಾಗಿತ್ತು. ಆದ್ದರಿಂದ ಈ ತಯಾರಿಯ ಎಲ್ಲ ಗುರಿಗಳನ್ನೂ ಗಂಟೆಗಳಲ್ಲಿ ಹೇಳುತ್ತೇನೆ: ವಾರಕ್ಕೆ ಜೂನ್‌ನಲ್ಲಿ ನಾಲ್ಕು ಗಂಟೆ, ಸೆಪ್ಟೆಂಬರಿನಲ್ಲಿ ಏಳು, ಡಿಸೆಂಬರಿನ ಮಧ್ಯದಲ್ಲಿ ಹತ್ತು. ಪ್ರತಿ ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ಮೂರನೇ ಒಂದು ಭಾಗದಷ್ಟು ಇಳಿಸಬೇಕು. ಭುಜದ ಸ್ನಾಯುರಜ್ಜುಗಳು ಉಸಿರಿನಷ್ಟು ಬೇಗ ಬಲಗೊಳ್ಳುವುದಿಲ್ಲ. ಎರಡನೆಯ ತಿಂಗಳಿನಲ್ಲೇ ಉಸಿರು 'ಇನ್ನೂ ಹೋಗು' ಎನ್ನತೊಡಗಿದರೂ ಭುಜ ಅದಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ.

ಮಳೆಗಾಲ: ಕೊಳದ ನಾಲ್ಕು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಮಾತೇ ಬೇಡ. ಗೇಟ್‌ವೇ–ಮಾಂಡವಾ ದೋಣಿಗಳೇ ಮಳೆಗಾಲದಲ್ಲಿ ನಿಂತುಹೋಗುತ್ತವೆ. ಜುಲೈ, ಆಗಸ್ಟ್‌ಗಳಲ್ಲಿ ಜುಹು ತೀರಕ್ಕೆ ಜೆಲ್ಲಿಮೀನಿನಂಥ, ನೀಲಿ ಬಣ್ಣದ ವಿಷಕಾರಿ ಬ್ಲೂಬಾಟಲ್‌ಗಳು ಬಂದು ಬೀಳುತ್ತವೆ. ಚರಂಡಿ, ನಾಲೆಗಳ ನೀರೆಲ್ಲ ಕಡಲನ್ನು ಸೇರುತ್ತದೆ. ಶ್ರಾವಣದ ನಾರಳಿ ಪೌರ್ಣಿಮೆಯಂದು ಕೋಲಿ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಅದು ಅವರ ದೋಣಿಗಳಿಗೆ ಸಂಬಂಧಿಸಿದ ಮುಹೂರ್ತ. ಈಜುಗಾರರು ದಸರೆಯವರೆಗೂ ಕಾಯಬೇಕು.

ಈ ನಾಲ್ಕು ತಿಂಗಳಲ್ಲಿ 50 ಮೀಟರ್ ಕೊಳ ಸಿಕ್ಕಿದರೆ ಒಳ್ಳೆಯದು. ಮುಂಬಯಿಯಲ್ಲಿ ಶಿವಾಜಿ ಪಾರ್ಕಿನ ಮಹಾತ್ಮಾ ಗಾಂಧಿ ಸ್ಮಾರಕ ಕೊಳ ಮತ್ತು ಚೆಂಬೂರಿನ ಪಾಲಿಕೆ ಕೊಳ, ಪುಣೆಯಲ್ಲಿ ಬಾಲೇವಾಡಿ ಕ್ರೀಡಾ ಸಂಕೀರ್ಣದ ಕೊಳ, ಗೋವಾದಲ್ಲಿ ಪಣಜಿಯ ಕಾಂಪಾಲ್ ಕೊಳ ಇದಕ್ಕೆ ತಕ್ಕವು. ಸಾರ್ವಜನಿಕ ಕೊಳಗಳಲ್ಲಿ ಬ್ಯಾಚಿನ ಅವಧಿ ಮುಗಿದೊಡನೆ ಹೊರಬರಬೇಕಾಗುವುದರಿಂದ ಉದ್ದದ ಅಭ್ಯಾಸಕ್ಕಾಗಿ ಭಾನುವಾರ ಎರಡು ಬ್ಯಾಚುಗಳನ್ನು ಜೋಡಿಸಿಕೊಳ್ಳಲು ಕೋಚ್ ಜೊತೆ ಮೊದಲೇ ಮಾತನಾಡಿಕೊಳ್ಳಿ. ಪುಣೆಯವರಿಗೆ ಒಂದು ಮಾತು: ಖಡಕ್‌ವಾಸ್ಲಾ ಹಿನ್ನೀರು ಹತ್ತಿರವಿದೆಯೆಂದು ಅಲ್ಲಿ ಇಳಿಯಬೇಡಿ. ಅದು ನಗರದ ಕುಡಿಯುವ ನೀರಿನ ಮೂಲ. ಈಜುಗಾರರನ್ನೂ ಮುಳುಗಿಸಿರುವ ಜಾಗ. ಕಡಲಿಲ್ಲದ ಊರು ಎಂಬುದು ದೊಡ್ಡ ಅಡ್ಡಿಯಲ್ಲ. ಜಗತ್ತಿನ ಏಳು ಕಠಿಣ ಕಾಲುವೆಗಳನ್ನು ಈಜುವ ಓಷನ್ಸ್ ಸೆವೆನ್ ಸವಾಲನ್ನು 2018ರಲ್ಲಿ ಏಷ್ಯಾದಲ್ಲೇ ಮೊದಲಿಗರಾಗಿ ಪೂರೈಸಿದ ರೋಹನ್ ಮೋರೆ ಪುಣೆಯವರು.

ಮೊದಲ ವಾರದಲ್ಲಿ ನಿಮ್ಮ ಸ್ಥಿರ ವೇಗವನ್ನು ಅಳೆದುಕೊಳ್ಳಿ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು 400 ಮೀಟರನ್ನು ಪೂರ್ಣ ಶಕ್ತಿಯಿಂದ ಈಜಿ, ಹತ್ತು ನಿಮಿಷ ವಿಶ್ರಮಿಸಿ, 200 ಮೀಟರನ್ನು ಹಾಗೆಯೇ ಈಜಬೇಕು. ಮೊದಲನೆಯದಕ್ಕೆ 8 ನಿಮಿಷ, ಎರಡನೆಯದಕ್ಕೆ 3 ನಿಮಿಷ 48 ಸೆಕೆಂಡು ಹಿಡಿಯಿತು ಎಂದುಕೊಳ್ಳೋಣ. ವ್ಯತ್ಯಾಸವಾದ 4 ನಿಮಿಷ 12 ಸೆಕೆಂಡನ್ನು ಅರ್ಧ ಮಾಡಿದರೆ ಬರುವ 2 ನಿಮಿಷ 6 ಸೆಕೆಂಡು, ನೂರು ಮೀಟರಿಗೆ ನಿಮ್ಮ ಸ್ಥಿರ ವೇಗ. ವಾರದಲ್ಲಿ ಒಂದು ದಿನ ಈ ವೇಗದಲ್ಲಿ 200 ಮೀಟರನ್ನು ಹತ್ತು ಸಲ, ನಡುವೆ 20 ಸೆಕೆಂಡು ಮಾತ್ರ ನಿಂತು ಈಜಿ. ಇನ್ನೊಂದು ದಿನ ನೂರಕ್ಕೆ ಆರೇಳು ಸೆಕೆಂಡು ನಿಧಾನವಾಗಿ 800 ಮೀಟರನ್ನು ನಾಲ್ಕು ಸಲ. ಮೂರನೆಯ ದಿನ ಬರಿಯ ತಂತ್ರದ ಅಭ್ಯಾಸ. ಭಾನುವಾರ ನಿಲ್ಲದ ಉದ್ದದ ಈಜು. ಜೂನ್‌ನಲ್ಲಿ ಒಂದು ಗಂಟೆ, ಸೆಪ್ಟೆಂಬರಿಗೆ ಎರಡೂವರೆ. ಭಾನುವಾರದ ಈಜಿನ ಕೊನೆಯ ಕಾಲುಗಂಟೆ ಆರಂಭದ ಕಾಲುಗಂಟೆಗಿಂತ ನಿಧಾನವಾಗಿದ್ದರೆ ಮುಂದಿನ ವಾರ ಸಮಯವನ್ನು ಏರಿಸಬೇಡಿ.

ತಂತ್ರದಲ್ಲಿ ಕಡಲು ಕೇಳುವುದು ಮೂರು ಸಂಗತಿಗಳನ್ನು. ಎರಡೂ ಬದಿಗೆ ಉಸಿರಾಡಲು ಬರಬೇಕು, ಏಕೆಂದರೆ ಅಲೆ, ಬಿಸಿಲು, ಡೀಸೆಲ್ ಹೊಗೆ ಇವು ಯಾವ ಬದಿಯಿಂದ ಬರುತ್ತವೆಯೋ ಅದರ ವಿರುದ್ಧ ಬದಿಗೆ ತಿರುಗಬೇಕಾಗುತ್ತದೆ. ತಲೆಯನ್ನು ಪೂರ್ತಿ ಎತ್ತದೆ, ಮೊಸಳೆಯಂತೆ ಕಣ್ಣಷ್ಟೇ ನೀರಿನ ಮೇಲೆ ತಂದು ಮುಂದೆ ನೋಡಿ, ಅದೇ ಲಯದಲ್ಲಿ ಬದಿಗೆ ತಿರುಗಿ ಉಸಿರೆಳೆಯುವುದನ್ನು ಹತ್ತರಿಂದ ಹದಿನೈದು ಕೈಬೀಸುಗಳಿಗೊಮ್ಮೆ ರೂಢಿಸಿಕೊಳ್ಳಬೇಕು. ಕತ್ತು ಎತ್ತಿದರೆ ಕಾಲು ಮುಳುಗುತ್ತದೆ, ನಾಲ್ಕು ಗಂಟೆಯ ಹೊತ್ತಿಗೆ ಸೊಂಟ ಸೋಲುತ್ತದೆ. ಮೂರನೆಯದು ಕೈಯ ಲಯ. ಕೊಳದಲ್ಲಿ ಕೈ ಚಾಚಿ ಜಾರುವುದು ಚೆಂದ. ಅಲೆಗಳ ನಡುವೆ ಆ ಜಾರುವ ಗಳಿಗೆಯಲ್ಲೇ ನೀರು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ನಿಮಿಷಕ್ಕೆ 58ರಿಂದ 66 ಕೈಬೀಸುಗಳ ಲಯ ಹವ್ಯಾಸಿಗಳಿಗೆ ಹಿಡಿಸುತ್ತದೆ. ಇದರ ಜೊತೆಗೆ ವಾರಕ್ಕೆ ಮೂರು ಸಲ, ಇಪ್ಪತ್ತು ನಿಮಿಷ, ಬಾಗಿಲ ಚಿಲಕಕ್ಕೆ ರಬ್ಬರ್ ಪಟ್ಟಿ ಕಟ್ಟಿ ಭುಜವನ್ನು ಹೊರಕ್ಕೆ ತಿರುಗಿಸುವ ಮತ್ತು ಹೆಗಲೆಲುಬುಗಳನ್ನು ಹಿಂದಕ್ಕೆ ಸೇರಿಸುವ ವ್ಯಾಯಾಮಗಳನ್ನು ಮಾಡಿ. ಈಜುವಾಗ ಆಯಾಸ ಸಹಜ. ಆದರೆ ಭುಜದ ಮುಂಭಾಗದಲ್ಲಿ ಚುಚ್ಚುವ ನೋವು ಬಂದರೆ ಅಂದು ಅಲ್ಲಿಗೇ ನಿಲ್ಲಿಸಬೇಕು.

ತಿಥಿಯ ಮುಕ್ಕಾಲು

ಅಕ್ಟೋಬರಿನಲ್ಲಿ ಕಡಲಿಗೆ ಇಳಿಯುವ ಮೊದಲು ಉಬ್ಬರದ ಲೆಕ್ಕ ಕಲಿಯಬೇಕು. ಕಾರವಾರ, ಕುಂದಾಪುರ, ಮಂಗಳೂರಿನ ಕಡೆ ಬೆಳೆದ ನಮಗೆ 'ಕಡಲು ಗೊತ್ತು' ಎಂಬ ಧೈರ್ಯವಿರುತ್ತದೆ. ನಾನು ಅಂಕೋಲೆಯವನು, ನನಗೂ ಇತ್ತು. ಆದರೆ ನಮ್ಮ ಕರಾವಳಿಯಲ್ಲಿ ನೀರು ಏರಿ ಇಳಿಯುವ ಎತ್ತರಕ್ಕಿಂತ ಮುಂಬಯಿಯಲ್ಲಿ ಅದು ಎಷ್ಟೋ ಹೆಚ್ಚು. ಇಲ್ಲಿ ದೊಡ್ಡ ಉಬ್ಬರ ನಾಲ್ಕೂವರೆ ಮೀಟರನ್ನು ಮೀರುತ್ತದೆ. ಅಷ್ಟು ನೀರು ಆರು ಗಂಟೆಗಳಲ್ಲಿ ಬಂದರಿನ ಬಾಯಿಯಿಂದ ಒಳಗೆ ಬಂದು, ಮುಂದಿನ ಆರು ಗಂಟೆಗಳಲ್ಲಿ ಹೊರಗೆ ಹೋಗಬೇಕಾದರೆ ಸೆಳೆತ ಎಷ್ಟಿರಬೇಕು ಎಂಬುದನ್ನು ಊಹಿಸಿಕೊಳ್ಳಿ.

ಮರಾಠಿ ಮೀನುಗಾರರು ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರವನ್ನು ಉಧಾಣ ಎಂದೂ ಅಷ್ಟಮಿಯ ಸುತ್ತಲಿನ ಸಣ್ಣ ಉಬ್ಬರವನ್ನು ಭಾಂಗ ಎಂದೂ ಕರೆಯುತ್ತಾರೆ. ಅವರಲ್ಲಿ ಒಂದು ಸೊಗಸಾದ ಸೂತ್ರವಿದೆ: ತಿಥಿಯ ಮುಕ್ಕಾಲು ಭಾಗವೇ ಉಬ್ಬರದ ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ಅಂದರೆ ಮೂರು ಗಂಟೆಯ ಸುಮಾರಿಗೆ ನೀರು ತುಂಬಿರುತ್ತದೆ. ಅಷ್ಟಮಿಯಾದರೆ ಆರು ಗಂಟೆಗೆ. ಹುಣ್ಣಿಮೆಗೆ ಹನ್ನೆರಡರ ಆಸುಪಾಸು. ದಿನಕ್ಕೆ ಎರಡು ಉಬ್ಬರಗಳಿರುವುದರಿಂದ ಬೆಳಿಗ್ಗೆಗೂ ಸಂಜೆಗೂ ಇದೇ ಲೆಕ್ಕ. ಉಬ್ಬರ ದಿನದಿನವೂ ಸುಮಾರು 50 ನಿಮಿಷ ತಡವಾಗುವುದರಿಂದ ಈ ಸೂತ್ರ ಹೊಂದುತ್ತದೆ. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರನ್ನು ನೋಡಿ ಮುಂದಿನ ತಿಂಗಳ ಅಭ್ಯಾಸದ ದಿನಗಳನ್ನು ಗುರುತು ಹಾಕಿಕೊಳ್ಳಲು ಇಷ್ಟು ಸಾಕು. ಆದರೆ ನೀರಿಗೆ ಇಳಿಯುವ ದಿನ ಅಪೋಲೋ ಬಂದರಿನ ಅಧಿಕೃತ ಉಬ್ಬರ ಕೋಷ್ಟಕವನ್ನೇ ನೋಡಬೇಕು, ಏಕೆಂದರೆ ಸೂತ್ರ ಒಂದು ಗಂಟೆಯಷ್ಟು ಆಚೀಚೆ ಆಗಬಹುದು. ನೀರು ಆರು ಗಂಟೆಯೂ ಒಂದೇ ಸಮನೆ ಹರಿಯುವುದಿಲ್ಲ ಎಂಬುದೂ ನೆನಪಿರಲಿ. ಮೊದಲ ಗಂಟೆ ಹನ್ನೆರಡನೇ ಒಂದು ಪಾಲು, ಎರಡನೆಯ ಗಂಟೆ ಎರಡು ಪಾಲು, ಮೂರು-ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ಅನಂತರ ಎರಡು, ಕೊನೆಗೆ ಒಂದು ಪಾಲು ಎಂಬ ಅಂದಾಜಿನಲ್ಲಿ ಮಟ್ಟ ಬದಲಾಗುತ್ತದೆ. ಸೆಳೆತ ಹೆಚ್ಚಿರುವುದು ನಡುವಿನ ಎರಡು ಗಂಟೆಗಳಲ್ಲಿ.

ಘಾರಾಪುರಿಯಿಂದ ಗೇಟ್‌ವೇಗೆ ಬರುವವರು ನೈಋತ್ಯಕ್ಕೆ ಸಾಗುತ್ತಾರೆ. ಇಳಿತದ ನೀರು ಬಂದರಿನಿಂದ ದಕ್ಷಿಣಕ್ಕೆ, ತೆರೆದ ಕಡಲಿನ ಕಡೆಗೆ ಹೋಗುತ್ತದೆ. ಆದ್ದರಿಂದ ಅಷ್ಟಮಿಯ ಆಸುಪಾಸಿನ ದಿನ, ಬೆಳಗಿನ ಉಬ್ಬರ ತುಂಬಿ ಇಳಿಯತೊಡಗಿದ ಮೊದಲ ಗಂಟೆಯಲ್ಲೇ ಹೊರಡುವುದು ಉತ್ತಮ. ಗುರಿಯನ್ನು ಗೇಟ್‌ವೇಗಿಂತ ಉತ್ತರಕ್ಕೆ ಹಿಡಿದರೆ ಸೆಳೆತ ತಾನಾಗಿ ನಿಮ್ಮನ್ನು ಗೇಟ್‌ವೇ ಎದುರಿಗೆ ತರುತ್ತದೆ. ನೇರ ಗೇಟ್‌ವೇಯನ್ನೇ ನೋಡುತ್ತ ಈಜಿದವರು ಕೊಲಾಬಾ ಕಡೆಗೆ ಜಾರಿಹೋಗುತ್ತಾರೆ. ಧರಮ್‌ತರ್‌ನ ಲೆಕ್ಕ ಇದಕ್ಕಿಂತ ಕಠಿಣ: ಇಳಿತದೊಂದಿಗೆ ಖಾಡಿಯನ್ನು, ಅಂದರೆ ಕಡಲು ನೆಲದೊಳಕ್ಕೆ ಚಾಚಿದ ಭಾಗವನ್ನು, ದಾಟಿ ರೇವಸ್ ಬಳಿಯ ಅಳಿವೆಯನ್ನು ಮುಟ್ಟಬೇಕು, ಅನಂತರ ಏರುವ ನೀರು ಬಂದರಿನೊಳಗೆ ಉತ್ತರಕ್ಕೆ ತಳ್ಳುತ್ತದೆ. ಅಳಿವೆ ತಲುಪುವ ಮೊದಲೇ ನೀರು ತಿರುಗಿದರೆ ಖಾಡಿಯೇ ಈಜುಗಾರನನ್ನು ಹಿಂದಕ್ಕೆ ಒಯ್ಯುತ್ತದೆ.

ಉಪ್ಪು ನೀರಿನ ಅಭ್ಯಾಸ

ಒಂಟಿಯಾಗಿ ಕಡಲಿಗೆ ಇಳಿಯಬಾರದು. ಇದಕ್ಕೆ ಯಾವ ಅಪವಾದವೂ ಇಲ್ಲ. ಕೋಚ್ ಇರುವ ಗುಂಪು, ಜೊತೆಗೆ ಒಂದು ದೋಣಿ ಅಥವಾ ಕಯಾಕ್, ಎದ್ದು ಕಾಣುವ ಕಿತ್ತಳೆ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟಿದ ತೇಲುಬುರುಡೆ ಇಷ್ಟು ಇದ್ದಾಗ ಮಾತ್ರ ಇಳಿಯಿರಿ. ಬಂದರಿನಲ್ಲಿ ಹಡಗು, ಲಾಂಚುಗಳ ಓಡಾಟದ ಜೊತೆಗೆ ಕೋಲಿಗಳು ಕಂಬ ನೆಟ್ಟು ಕಟ್ಟುವ ಡೋಲ್ ಬಲೆಗಳೂ ಇರುತ್ತವೆ. ಅವುಗಳ ಜಾಗ ದೋಣಿ ನಡೆಸುವ ತಾಂಡೇಲನಿಗೆ ಗೊತ್ತಿರುತ್ತದೆ.

ತಿಂಗಳಿಗೊಮ್ಮೆ ಶನಿವಾರ-ಭಾನುವಾರ ಗೋವಾಕ್ಕೆ ಹೋಗಿಬರುವುದನ್ನು ನಾನು ಬಲವಾಗಿ ಹೇಳುತ್ತೇನೆ. ಶುಕ್ರವಾರ ರಾತ್ರಿ ಕೊಂಕಣಕನ್ಯಾ ರೈಲು ಹತ್ತಿದರೆ ಬೆಳಿಗ್ಗೆ ಮಡಗಾಂವ್. ನೀರು ಮುಂಬಯಿಗಿಂತ ಶುದ್ಧ, ಜೀವರಕ್ಷಕರು ಇರುತ್ತಾರೆ. ಬಾವುಟಗಳನ್ನು ಗೌರವಿಸಿ, ದಡಕ್ಕೆ ಸಮಾಂತರವಾಗಿ ಈಜಿ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ಅದರ ವಿರುದ್ಧ ಸೆಣಸದೆ ಅಡ್ಡಕ್ಕೆ ಈಜಿ ಹೊರಬಂದು, ಅನಂತರ ದಡಕ್ಕೆ ತಿರುಗಬೇಕು. ಶನಿವಾರ ಮೂರು ಗಂಟೆ, ಮರುದಿನ ದಣಿದ ತೋಳುಗಳಿಂದಲೇ ಎರಡು ಗಂಟೆ: ಒಂದೇ ದಿನ ಐದು ಗಂಟೆ ಈಜುವುದಕ್ಕಿಂತ ಈ ಜೋಡಿ ಭುಜಕ್ಕೆ ಸುರಕ್ಷಿತ, ಮನಸ್ಸಿಗೆ ಹೆಚ್ಚು ಉಪಯುಕ್ತ. ಡಿಸೆಂಬರಿನ ಕೊನೆಯೊಳಗೆ ಒಂದು ಸಲ ಕಡಲಿನಲ್ಲಿ ನಾಲ್ಕು ಗಂಟೆ ಪೂರೈಸಿರಬೇಕು. ಮಾಲವಣದ ಚಿವಲಾ ಕಡಲತೀರದಲ್ಲಿ ಚಳಿಗಾಲದಲ್ಲಿ ನಡೆಯುವ ಕಡಲ ಈಜಿನ ಸ್ಪರ್ಧೆಯೂ, ಸಂಕ್ ರಾಕ್ ದೀಪಸ್ತಂಭದಿಂದ ಗೇಟ್‌ವೇವರೆಗಿನ 5 ಕಿ.ಮೀ. ದಾರಿಯೂ ಒಳ್ಳೆಯ ಮೆಟ್ಟಿಲುಗಳು.

ಉಪ್ಪು ನೀರಿನಲ್ಲಿ ಚರ್ಮ ಉಜ್ಜಿ ಸುಲಿಯುತ್ತದೆ. ಕತ್ತು, ಕಂಕುಳು, ಈಜುಡುಗೆಯ ಅಂಚು, ಗಂಡಸರಿಗೆ ಗಡ್ಡ ತಾಗುವ ಹೆಗಲು, ಇಲ್ಲೆಲ್ಲ ವ್ಯಾಸಲಿನ್ ಅಥವಾ ಲ್ಯಾನೋಲಿನ್ ದಪ್ಪಗೆ ಹಚ್ಚಬೇಕು. ಹಚ್ಚುವ ಕೈ ನಿಮ್ಮದಾಗಿರಬಾರದು. ಬೆರಳಿನ ಜಿಡ್ಡು ಕನ್ನಡಕಕ್ಕೆ ತಗುಲಿದರೆ ಮುಂದಿನ ನಾಲ್ಕು ಗಂಟೆ ಮಂಜಿನಲ್ಲೇ ಕಳೆಯಬೇಕಾಗುತ್ತದೆ. ಬಂಡೆಯ ಚಿಪ್ಪುಗಳು ಕಾಲು ಕೊಯ್ಯುವುದರಿಂದ ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ, ನೀರಿನ ಕೊಳೆಯ ಕಾರಣ ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿ.

ನೀರಿನಲ್ಲಿ ಊಟ

ಒಂದೂವರೆ ಗಂಟೆ ದಾಟಿದ ಈಜಿನಲ್ಲಿ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಅರ್ಧ ಗಂಟೆಗೊಮ್ಮೆ 200 ಮಿ.ಲೀ. ದ್ರವವಾದರೆ ಸರಿ. ಅಂಗಡಿಯ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಅನುಕೂಲವೇ. ಆದರೆ ಮೂರನೆಯ ಗಂಟೆಗೆ ಅದರ ಸಿಹಿ ನನಗೆ ಓಕರಿಕೆ ತರುತ್ತಿತ್ತು. ಈಗ ಮೊಳಕೆ ಬರಿಸಿ ಹುರಿದ ರಾಗಿಯ ಹಿಟ್ಟಿನ ಅಂಬಲಿಯನ್ನು ನೆಚ್ಚಿಕೊಂಡಿದ್ದೇನೆ. 25 ಗ್ರಾಂ ಹಿಟ್ಟು, 12 ಗ್ರಾಂ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಕಾಯಿಸಿ ಸೋಸಿದರೆ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ. ಮೊಳಕೆಯ ರಾಗಿಯಲ್ಲಿ ಪಿಷ್ಟ ಒಡೆದಿರುವುದರಿಂದ ಅಂಬಲಿ ಗಟ್ಟಿಯಾಗದೆ ಬಾಟಲಿಯಿಂದ ಸಲೀಸಾಗಿ ಇಳಿಯುತ್ತದೆ. ಥರ್ಮಾಸ್‌ನಲ್ಲಿ ಬೆಚ್ಚಗಿಟ್ಟರೆ ಉಪ್ಪಿಗೆ ಬಾತ ನಾಲಗೆಗೂ ಹಿತ. ಬರಿಯ ನೀರನ್ನು ಹೆಚ್ಚು ಕುಡಿದರೆ ರಕ್ತದ ಸೋಡಿಯಂ ಇಳಿಯುವ ಅಪಾಯವಿದೆ. ಏನೇ ಆಗಲಿ, ಅಭ್ಯಾಸದಲ್ಲಿ ಕನಿಷ್ಠ ಐದಾರು ಸಲ ಕುಡಿದು ಒಗ್ಗಿಸಿಕೊಳ್ಳದ ಯಾವುದನ್ನೂ ಈಜಿನ ದಿನ ಬಾಯಿಗೆ ಹಾಕಬೇಡಿ.

ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ದೋಣಿಯಿಂದ ಎಸೆಯುತ್ತಾರೆ. ಈಜುಗಾರ ಅಂಗಾತ ತೇಲುತ್ತ ಕುಡಿದು ಬಿಟ್ಟುಬಿಡಬೇಕು. ದೋಣಿಯನ್ನಾಗಲಿ ಅದರಲ್ಲಿರುವವರನ್ನಾಗಲಿ ಮುಟ್ಟಿದರೆ ಈಜು ಅಲ್ಲಿಗೆ ಮುಗಿದಂತೆ. ಇಂಗ್ಲಿಷ್ ಕಾಲುವೆಯ ನಿಯಮವೂ ಇದೇ. ಒಂದೊಂದು ಊಟಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ಕಳೆದರೆ ಸೆಳೆತದಲ್ಲಿ ತೇಲಿದ ದೂರವನ್ನು ಮತ್ತೆ ಈಜಬೇಕಾಗುತ್ತದೆ.

ದೋಣಿಯಲ್ಲಿರುವವರು

ಈಜುಗಾರನಿಗೆ ನೀರಿನಲ್ಲಿ ತನ್ನ ಸ್ಥಿತಿ ತಿಳಿಯುವುದಿಲ್ಲ. ಆದ್ದರಿಂದ ದೋಣಿಯಲ್ಲಿ ನಿಮ್ಮ ಕೋಚ್ ಅಲ್ಲದೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು ಇರಲೇಬೇಕು. ನನ್ನ ದೋಣಿಯಲ್ಲಿ ಭಾವ ಇರುತ್ತಾರೆ. ಪ್ರತಿ ಅರ್ಧ ಗಂಟೆಗೆ ಅವರು ನಿಮಿಷಕ್ಕೆ ನನ್ನ ಕೈಬೀಸುಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. 60 ಇದ್ದದ್ದು 50ಕ್ಕೆ ಇಳಿದರೆ ಅದು ಎಚ್ಚರಿಕೆ. ಅಂಬಲಿ ಕೊಡುವಾಗ ಒಂದು ಪ್ರಶ್ನೆ ಕೇಳುತ್ತಾರೆ: "ನಿನ್ನೆ ರಾತ್ರಿ ಊಟಕ್ಕೆ ಏನಿತ್ತು, ಹೇಳು?" ಉತ್ತರ ತೊದಲಿದರೆ, ಅಥವಾ ಹೊಂದಿಕೆಯಾಗದಿದ್ದರೆ, ಮೇಲೆತ್ತುವ ಅಧಿಕಾರ ಅವರದು, ಅದನ್ನು ನಾನು ವಾದಿಸುವುದಿಲ್ಲ ಎಂದು ಮೊದಲೇ ಮಾತಾಗಿದೆ. ಜನವರಿಯಲ್ಲಿ ಇಲ್ಲಿಯ ನೀರು 24–25 ಡಿಗ್ರಿಯಷ್ಟೇ ಇರುತ್ತದೆ. ಇಳಿಯುವಾಗ ಹಿತವೆನಿಸುವ ಆ ನೀರೂ ಐದು ಗಂಟೆಯಲ್ಲಿ ತೆಳ್ಳಗಿನ ಮೈಯ ಬಿಸಿಯನ್ನು ಎಳೆದುಕೊಂಡುಬಿಡುತ್ತದೆ. ನಿಲ್ಲದ ಕೆಮ್ಮು, ಗುಲಾಬಿ ಬಣ್ಣದ ನೊರೆ, ವಿಶ್ರಮಿಸಿದರೂ ತೀರದ ಏದುಸಿರು ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದೇ ತಿಳಿದು ತಕ್ಷಣ ಮೇಲೆತ್ತಿ ಆಸ್ಪತ್ರೆಗೆ ಒಯ್ಯಬೇಕು.

ಗಾಳಿ ಈಜುಗಾರನ ಮೇಲಿಂದ ದೋಣಿಯ ಕಡೆಗೆ ಬೀಸುವಂತೆ ದೋಣಿ ಇದ್ದರೆ ಹೊಗೆ ನಿಮ್ಮ ಮೂಗಿಗೆ ಬರುವುದಿಲ್ಲ. ತಾಂಡೇಲನ ಜೊತೆ ಹಿಂದಿನ ದಿನವೇ ಕುಳಿತು ದಾರಿ, ವೇಗ, ಕೈಸನ್ನೆಗಳನ್ನು ನಿಶ್ಚಯಿಸಿಕೊಳ್ಳಿ. ಬಂದರಿನಲ್ಲಿ ಈಜಲು ಬಂದರು ಅಧಿಕಾರಿಗಳ ಮತ್ತು ಪೊಲೀಸರ ಅನುಮತಿ ಬೇಕು. ಅರ್ಜಿಯನ್ನು ಈಜು ಸಂಸ್ಥೆಯ ಮೂಲಕ ಎರಡು ಮೂರು ತಿಂಗಳು ಮೊದಲೇ ಕೊಡುವುದು ಕ್ಷೇಮ.

ಕೊನೆಯ ಎರಡು ವಾರ ಮತ್ತು ಆ ದಿನ

ಕೊನೆಯ ಎರಡು ವಾರಗಳಲ್ಲಿ ಗಂಟೆಗಳನ್ನು ಮೊದಲು ಮೂರನೇ ಎರಡಕ್ಕೆ, ಅನಂತರ ಮೂರನೇ ಒಂದಕ್ಕೆ ಇಳಿಸಿ, ವೇಗವನ್ನು ಇಳಿಸಬೇಡಿ. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು. ಈಜಿಗೆ ಮೂರು ಗಂಟೆ ಮೊದಲು ಇಡ್ಲಿಯೋ ಬಾಳೆಹಣ್ಣೋ. ಮೊದಲ ಅರ್ಧ ಗಂಟೆ ಎಷ್ಟು ನಿಧಾನವಾಗಿ ಈಜಬೇಕೆಂದರೆ ನಿಮಗೇ ನಾಚಿಕೆಯಾಗಬೇಕು. ಉಸಿರು ಲಯಕ್ಕೆ ಬಂದ ಮೇಲೆ ಮುಂದಿನ ಬಾಟಲಿಯವರೆಗೆ ಮಾತ್ರ ಯೋಚಿಸಿ. ಗೇಟ್‌ವೇ ಕಂಡಿತೆಂದು ವೇಗ ಹೆಚ್ಚಿಸಬೇಡಿ. ಬಹಳ ದೂರದಿಂದಲೇ ಅದು ಕಾಣುತ್ತದೆ, ಇನ್ನೂ ಒಂದೂವರೆ ಗಂಟೆ ಇರಬಹುದು.

ಮೆಟ್ಟಿಲು ಮುಟ್ಟುವಾಗ ಪಾಚಿ ಜಾರುತ್ತದೆ, ಗಂಟೆಗಟ್ಟಲೆ ಮಲಗಿದ್ದ ಮೈ ಒಮ್ಮೆಲೇ ನೆಟ್ಟಗಾದಾಗ ತಲೆ ಸುತ್ತುತ್ತದೆ. ಎರಡು ಕೈಯೂರಿ, ಮಂಡಿಯೂರಿ, ನಿಧಾನವಾಗಿ ಏಳಿ. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ, ಶಾಲು ಹೊದ್ದು ಬೆಚ್ಚಗಿನದನ್ನು ಗುಟುಕು ಗುಟುಕಾಗಿ ಕುಡಿಯಬೇಕು. ನೀರಿನಿಂದ ಹೊರಬಂದ ಅರ್ಧ ಗಂಟೆಯವರೆಗೂ ಮೈಯ ಒಳಗಿನ ಬಿಸಿ ಇಳಿಯುತ್ತಲೇ ಇರಬಹುದಾದ್ದರಿಂದ ಆ ಹೊತ್ತಿನಲ್ಲಿ ಒಬ್ಬರೇ ಟ್ಯಾಕ್ಸಿ ಹತ್ತಿ ಮನೆಗೆ ಹೋಗಬೇಡಿ. ಕಿವಿಗೆ ಸಿಹಿನೀರು ಹಾಕಿ ತೊಳೆದು ಒಣಗಿಸಿ. ಮರುದಿನದಿಂದ ಐದು ದಿನ ತೋಳಿಗೆ ಪೂರ್ಣ ವಿಶ್ರಾಂತಿ. ಆರನೆಯ ದಿನ ಕೊಳದಲ್ಲಿ ಇಪ್ಪತ್ತು ನಿಮಿಷ, ಗಡಿಯಾರವಿಲ್ಲದೆ.